ಸಣ್ಣ ಎಂಜಿನ್ನಿನ ಸ್ಟೈಲ್ ಬೈಕು, ಹೊಸ ಸವಾರರು: ಟೆಸ್ಟ್ ರೈಡ್‌ನಲ್ಲಿ ನೋಡಬೇಕಾದ್ದೇನು?

#1 ನಿಧಾನಿ

ಮೊದಲ ಬೈಕು ಕೊಳ್ಳುವವರ ಟೆಸ್ಟ್ ರೈಡ್ ಸಾಮಾನ್ಯವಾಗಿ ಹೀಗಿರುತ್ತದೆ: ಹತ್ತಿ ಕೂತು, ನೇರ ರಸ್ತೆಗೆ ಬಂದು, ಒಮ್ಮೆ 80 ಮುಟ್ಟಿಸಿ, ವಾಪಸ್ ಬಂದು 'ಸೂಪರ್' ಅನ್ನುವುದು. ನೇರ ರಸ್ತೆಯ 80ರಲ್ಲಿ ಈಗಿನ ಯಾವ ಬೈಕೂ ಚೆನ್ನಾಗಿಯೇ ಓಡುತ್ತದೆ. ಹೊಸಬರು ಗಾಡಿ ಬೀಳಿಸುವುದು 5 ಕಿ.ಮೀ. ವೇಗದಲ್ಲಿ: ಯೂ ಟರ್ನ್ ಅರ್ಧಕ್ಕೆ ಬಂದಾಗ, ಏರಿನಲ್ಲಿ ನಿಂತು ಮತ್ತೆ ಹೊರಡುವಾಗ, ಸೈಡ್ ಸ್ಟ್ಯಾಂಡಿನಿಂದ ಎತ್ತುವಾಗ. ಸಿಗುವ ಹದಿನೈದಿಪ್ಪತ್ತು ನಿಮಿಷದಲ್ಲಿ ಮುಕ್ಕಾಲು ಪಾಲನ್ನು 20 ಕಿ.ಮೀ. ಒಳಗಿನ ವೇಗಕ್ಕೇ ಕೊಡಬೇಕು ಅನ್ನುವುದು ನನ್ನ ವಾದ.

ಮಾತು ಗಾಳಿಯಲ್ಲಿ ಹೋಗದಿರಲಿ ಅಂತ ಎರಡು ಗಾಡಿ ಮುಂದಿಟ್ಟುಕೊಳ್ಳೋಣ. ಯಮಹಾ ಎಂಟಿ-15 ಮತ್ತು ರಾಯಲ್ ಎನ್‌ಫೀಲ್ಡ್ ಹಂಟರ್ 350. ಎರಡನ್ನೂ ಜನ ನೋಟಕ್ಕೇ ಮೆಚ್ಚುತ್ತಾರೆ. ಶಕ್ತಿಯಲ್ಲಿ ಅಂಥ ಅಂತರವೂ ಇಲ್ಲ, ಒಂದು 18.4 ಪಿಎಸ್, ಇನ್ನೊಂದು 20.2 ಬಿಎಚ್‌ಪಿ (ಎರಡೂ ಹೆಚ್ಚುಕಡಿಮೆ ಒಂದೇ ಅಳತೆ). ಆದರೆ ಎಂಟಿ-15ಕ್ಕೆ ಆ ಶಕ್ತಿ ಬರುವುದು 10,000 ಆರ್‌ಪಿಎಂನಲ್ಲಿ, ಹಂಟರ್‌ಗೆ 6,100ರಲ್ಲಿ. ಟಾರ್ಕ್, ಅಂದರೆ ಎಳೆಯುವ ಬಲ, ಅಲ್ಲಿ 7,500ರಲ್ಲಿ 14.1 ಎನ್ಎಂ, ಇಲ್ಲಿ 4,000ದಲ್ಲಿ 27 ಎನ್ಎಂ. ತೂಕ ಒಂದು 140 ಕೆ.ಜಿ. ಆಸುಪಾಸು, ಇನ್ನೊಂದು 181. ಸೀಟಿನ ಎತ್ತರ 810 ಮಿ.ಮೀ. ಮತ್ತು 790. ಹಗುರ ಆದರೆ ಎತ್ತರ, ತಗ್ಗು ಆದರೆ ಭಾರ. ಹೊಸಬರಿಗೆ ಯಾವುದು ಸುಲಭ ಅಂತ ಈ ಅಂಕಿ ನೋಡಿ ಹೇಳಿಬಿಡಿ ನೋಡೋಣ.

#2 ಕ್ಲಚ್‌ಕೇಬಲ್

ಓಡಿಸುವ ಮೊದಲು ಐದು ನಿಮಿಷ ಗಾಡಿಯನ್ನು ತಳ್ಳಿ. ಇದನ್ನು ಯಾರೂ ಮಾಡುವುದಿಲ್ಲ, ಆದರೆ ತೂಕದ ನಿಜಸ್ಥಿತಿ ಗೊತ್ತಾಗುವುದು ಇಲ್ಲೇ. ನ್ಯೂಟ್ರಲ್‌ನಲ್ಲಿಟ್ಟು, ಎಡಗಡೆ ನಿಂತು, ಬಲಗೈ ಬೆರಳು ಮುಂದಿನ ಬ್ರೇಕಿನ ಮೇಲಿಟ್ಟು ಹತ್ತು ಹೆಜ್ಜೆ ಮುಂದೆ, ಹತ್ತು ಹೆಜ್ಜೆ ಹಿಂದೆ. ಹಿಂದಕ್ಕೆ ತಳ್ಳುವಾಗ ಹ್ಯಾಂಡಲ್ ಪೂರ್ತಿ ತಿರುಗಿಸಿ. ಮುಂದಿನ ಬ್ರೇಕ್ ದಡಕ್ಕನೆ ಹಿಡಿದರೆ ಗಾಡಿ ಒಂದು ಕಡೆಗೆ ವಾಲುತ್ತದೆ, ಎಷ್ಟು ಭಾರ ಕೈಗೆ ಬರುತ್ತದೆ ಅನ್ನುವುದು ಆಗ ತಿಳಿಯುತ್ತದೆ. ಜೊತೆಗೆ ಇನ್ನೊಬ್ಬರು ಆಚೆ ಬದಿ ನಿಂತಿರಲಿ.

ಟೆಸ್ಟ್ ಗಾಡಿಯಲ್ಲಿ ಪೆಟ್ರೋಲ್ ತಳದಲ್ಲಿ ಮಾತ್ರ ಇರುತ್ತದೆ ಅನ್ನುವುದೂ ನೆನಪಿರಲಿ. ಪೆಟ್ರೋಲ್ ಲೀಟರಿಗೆ ಮುಕ್ಕಾಲು ಕೆ.ಜಿ. ಹಿಡಿಯಿರಿ. ಎಂಟಿ-15ರ 10 ಲೀಟರ್ ಟ್ಯಾಂಕು ತುಂಬಿದರೆ ಏಳೂವರೆ ಕೆ.ಜಿ., ಹಂಟರ್‌ನ 13 ಲೀಟರಿಗೆ ಹತ್ತಿರ ಹತ್ತಿರ 10 ಕೆ.ಜಿ. ಅದೂ ಎಲ್ಲಕ್ಕಿಂತ ಮೇಲೆ ಕೂರುವ ಭಾರ.

ಆಮೇಲೆ ಎಂಜಿನ್ ಚಾಲೂ ಮಾಡಿ, ನ್ಯೂಟ್ರಲ್‌ನಲ್ಲೇ ಹ್ಯಾಂಡಲನ್ನು ಎಡತುದಿಯಿಂದ ಬಲತುದಿಗೆ ನಿಧಾನವಾಗಿ ತಿರುಗಿಸಿ. ಐಡ್ಲಿಂಗ್ ಒಂದೇ ಸಮ ಇರಬೇಕು. ತಿರುಗಿಸಿದಾಗ ಆರ್‌ಪಿಎಂ ಏರಿತು ಅಂದರೆ ಆಕ್ಸಿಲರೇಟರ್ ಕೇಬಲ್ ಎಲ್ಲೋ ಬಿಗಿಯುತ್ತಿದೆ. ಅಂಥ ಗಾಡಿಯಲ್ಲಿ ಯೂ ಟರ್ನ್ ಹೊಡೆದರೆ ತಿರುವಿನ ಮಧ್ಯೆ ತಾನೇ ಮುನ್ನುಗ್ಗುತ್ತದೆ. ಸರಿ ಮಾಡುವವರೆಗೆ ಹತ್ತಬೇಡಿ. ಅದೇ ಹೊತ್ತಿಗೆ ಪೂರ್ತಿ ತಿರುಗಿಸಿದಾಗ ಹೆಬ್ಬೆರಳು ಟ್ಯಾಂಕಿಗೆ ತಾಗುತ್ತದೆಯೇ ನೋಡಿ. ತಗ್ಗು ಹ್ಯಾಂಡಲಿನ ಕೆಫೆ ರೇಸರ್ ಥರದ ಗಾಡಿಗಳಲ್ಲಿ ತಾಗುವುದುಂಟು.

#3 ಎರಡುಗಾಲಿ

ಸೀಟಿನ ಎತ್ತರದ ಅಂಕಿಯನ್ನು ನಂಬಿ ಕೂರಬೇಡಿ ಅನ್ನುವುದನ್ನು ಸೇರಿಸುತ್ತೇನೆ. ಅದು ಯಾರೂ ಕೂರದಿದ್ದಾಗ ಅಳೆದ ಎತ್ತರ. ಸವಾರ ಕೂತಾಗ ಸಸ್ಪೆನ್ಷನ್ ಕುಸಿಯುತ್ತದೆ, ಸಾಮಾನ್ಯವಾಗಿ ಅದರ ಒಟ್ಟು ಓಡಾಟದ (ಮೇಲೆ ಕೆಳಗೆ ಆಡುವ ಉದ್ದದ) ಕಾಲು ಭಾಗದಿಂದ ಮೂರನೆಯ ಒಂದು ಭಾಗ. 120 ಮಿ.ಮೀ. ಓಡಾಟ ಇರುವ ಗಾಡಿ 30ರಿಂದ 40 ಮಿ.ಮೀ. ಇಳಿಯಬಹುದು. ಹಗುರ ದೇಹದವರಿಗೆ ಅಷ್ಟು ಇಳಿಯುವುದಿಲ್ಲ, ಅವರಿಗೆ ಗಾಡಿ ಎತ್ತರವಾಗಿಯೇ ಉಳಿಯುತ್ತದೆ.

ಅದಕ್ಕಿಂತ ದೊಡ್ಡ ವಿಷಯ ಸೀಟಿನ ಮುಂಭಾಗದ ಅಗಲ. ಅಗಲ ಸೀಟು ತೊಡೆಗಳನ್ನು ದೂರ ತಳ್ಳುತ್ತದೆ, ಕಾಲು ನೇರ ಕೆಳಗೆ ಇಳಿಯುವ ಬದಲು ಓರೆಯಾಗಿ ಇಳಿಯುತ್ತದೆ. ಹಾಗಾಗಿ 810ರ ಸಪೂರ ಸೀಟಿನಲ್ಲಿ ನೆಲ ಸಿಕ್ಕವರಿಗೆ 790ರ ಅಗಲ ಸೀಟಿನಲ್ಲಿ ಸಿಗದೇ ಹೋಗುವುದುಂಟು. ಫುಟ್‌ರೆಸ್ಟ್ ಎಲ್ಲಿದೆ ಅಂತಲೂ ನೋಡಿ, ಕೆಲವು ಗಾಡಿಗಳಲ್ಲಿ ನಿಂತಾಗ ಮೀನಖಂಡಕ್ಕೆ ಸರಿಯಾಗಿ ಚುಚ್ಚುತ್ತದೆ.

ದಿನವೂ ಹಾಕುವ ಶೂನಲ್ಲೇ ಹೋಗಿ. ಚಪ್ಪಲಿಯಲ್ಲಿ ಹೋದವರಿಗೆ ಟೆಸ್ಟ್ ರೈಡ್ ಕೊಡಲೇಬಾರದು, ಅದು ಬೇರೆ ಮಾತು. ದಪ್ಪ ಅಟ್ಟೆ 20 ಮಿ.ಮೀ. ವ್ಯತ್ಯಾಸ ಮಾಡುತ್ತದೆ, ಗೇರ್ ಲಿವರ್ ಕೆಳಗೆ ಕಾಲು ತೂರುತ್ತದೋ ಇಲ್ಲವೋ ಅನ್ನುವುದೂ ಶೂ ಮೇಲೇ ಹೋಗುತ್ತದೆ. ಗ್ಲೌಸ್, ಹೆಲ್ಮೆಟ್ ನಿಮ್ಮದೇ ಇರಲಿ. ಸಡಿಲ ಹೆಲ್ಮೆಟ್ ಗಾಳಿಗೆ ಅಲುಗಾಡಿದರೆ ಅದನ್ನು ಗಾಡಿಯ ದೋಷ ಅಂತ ತಿಳಿಯುವವರಿದ್ದಾರೆ.

#4 ಹೊಸಗೇರು

ಎತ್ತರ 158 ಸೆಂ.ಮೀ., ತೂಕ 52 ಕೆ.ಜಿ. ಎಂಟಿ-15ರಲ್ಲಿ ಎರಡೂ ಕಡೆ ತುದಿಗಾಲು ಮಾತ್ರ ಸಿಗುತ್ತದೆ. ಎರಡೂ ಪಾದ ಪೂರ್ತಿ ಊರದಿದ್ದರೆ ಆ ಗಾಡಿ ಬಿಟ್ಟುಬಿಡಬೇಕಾ?

#5 ತಿರುವುಮುರುವು

ಬಿಡಬೇಕಿಲ್ಲ. ಎರಡೂ ಪಾದ ಊರಲೇಬೇಕು ಅನ್ನುವುದು ಸ್ಕೂಟರಿನಿಂದ ಬಂದ ಅಭ್ಯಾಸ. ನಿಲ್ಲುವಾಗ ಬೇಕಾದ್ದು ಒಂದು ಕಾಲು, ಅದೂ ಎಡಗಾಲು. ಬಲಗಾಲು ಹಿಂಬ್ರೇಕಿನ ಮೇಲೇ ಇರಬೇಕು, ಏರಿನಲ್ಲಂತೂ ಕಡ್ಡಾಯ. ಎಡಗಾಲಿನ ಬೆರಳ ಬುಡದ ಗದ್ದುಗೆ, ಅಂದರೆ ಪಾದದ ಮುಂದಿನ ಅರ್ಧ, ಗಟ್ಟಿಯಾಗಿ ನೆಲ ಹಿಡಿದರೆ 140 ಕೆ.ಜಿ. ಗಾಡಿಗೆ ಸಾಕು. ಬೆರಳ ತುದಿ ಮಾತ್ರ ತಾಗುತ್ತಿದ್ದರೆ ಸೊಂಟವನ್ನು ಎಡಕ್ಕೆ ಅರ್ಧ ಜಾರಿಸಿ ಕೂತು ನೋಡಿ. ಆಗಲೂ ಆಗದಿದ್ದರೆ ಮಾತ್ರ ಬೇರೆ ಗಾಡಿ.

ನಿಜವಾದ ಪರೀಕ್ಷೆ ಸಮತಟ್ಟು ನೆಲದಲ್ಲಲ್ಲ. ರಸ್ತೆ ಮಧ್ಯ ಉಬ್ಬಿ ಅಂಚಿಗೆ ಇಳಿಜಾರಿರುತ್ತದಲ್ಲ, ಆ ಅಂಚಿನಲ್ಲಿ ನಿಲ್ಲಿಸಿ. ಎಡಗಾಲಿಗೆ ಅಲ್ಲಿ ಇನ್ನೂ ಎರಡು ಮೂರು ಸೆಂ.ಮೀ. ಕೆಳಗೆ ನೆಲ ಸಿಗುತ್ತದೆ. ಗುಂಡಿಯ ಪಕ್ಕ ನಿಂತರೆ ಇನ್ನೂ ಕೆಳಗೆ.

ಹಿಂದಿನ ಸಸ್ಪೆನ್ಷನ್ನಿಗೆ ಪ್ರೀಲೋಡ್ (ಸ್ಪ್ರಿಂಗಿನ ಬಿಗಿ) ಹೊಂದಿಕೆ ಇದ್ದರೆ ಅದು ಯಾವ ಮೆಟ್ಟಿಲಲ್ಲಿದೆ ಅಂತ ಕೇಳಿ. ಹಿಂದೆ ಓಡಿಸಿದವರು ಜೋಡಿಯಾಗಿ ಹೋಗಿದ್ದರೆ ಗಟ್ಟಿ ಮೆಟ್ಟಿಲಲ್ಲಿ ಬಿಟ್ಟಿರುತ್ತಾರೆ. 52 ಕೆ.ಜಿ.ಗೆ ಅತಿ ಮೆತ್ತನೆಯ ಮೆಟ್ಟಿಲು ಸಾಕು, ಕೂತಾಗ ಸ್ವಲ್ಪ ಹೆಚ್ಚು ಇಳಿಯುತ್ತದೆ. ಫೋರ್ಕ್ ಮೇಲೆತ್ತಿ, ಲಿಂಕ್ ಬದಲಿಸಿ ತಗ್ಗಿಸುವ ಐಡಿಯಾ ಕೊಡುವವರು ಬರುತ್ತಾರೆ. ಮೊದಲ ಗಾಡಿಗೆ ಬೇಡ. ಸೈಡ್ ಸ್ಟ್ಯಾಂಡ್ ಉದ್ದ ತಪ್ಪುತ್ತದೆ, ಗಾಡಿ ನೆಟ್ಟಗೆ ನಿಂತು ಬಲಕ್ಕೆ ಉರುಳುತ್ತದೆ, ಅದಕ್ಕೆ ಸ್ಟ್ಯಾಂಡ್ ಕತ್ತರಿಸಬೇಕು. ಒಂದರ ಹಿಂದೆ ಒಂದು.

#6 ಗ್ರೀಸ್‌ಕೈ

ನಿಧಾನ ವೇಗದ ಮಾತು ಬಂತಲ್ಲ, ಅಲ್ಲಿ ಗಾಡಿ ಹಿತವಾಗಿದೆಯೋ ಜಗ್ಗಾಡುತ್ತದೋ ಅನ್ನುವುದನ್ನು ನಿರ್ಧರಿಸುವುದು ಕ್ಲಚ್, ಆಕ್ಸಿಲರೇಟರ್, ಚೈನು. ಈ ಮೂರರಲ್ಲಿ ಯಾವುದು ತಪ್ಪಿದ್ದರೂ ಹೊಸ ಸವಾರ ತನ್ನದೇ ತಪ್ಪು ಅಂದುಕೊಳ್ಳುತ್ತಾನೆ, ಇಲ್ಲವೇ ಒಳ್ಳೆಯ ಗಾಡಿಯನ್ನು ಕೆಟ್ಟದ್ದು ಅಂತ ಬಿಟ್ಟು ಬರುತ್ತಾನೆ. ಹಾಗಾಗಿ ಮೊದಲು ಕೈಯಲ್ಲಿ ನೋಡಿ.

ಕ್ಲಚ್ ಲಿವರ್ ತುದಿಯಲ್ಲಿ ಬಿಗಿಯಾಗುವ ಮುಂಚೆ 10ರಿಂದ 15 ಮಿ.ಮೀ. ಸಡಿಲ ಇರಬೇಕು. ಸಡಿಲವೇ ಇಲ್ಲದಿದ್ದರೆ ಪ್ಲೇಟುಗಳು ಪೂರ್ತಿ ಕೂಡುವುದಿಲ್ಲ, ಆಕ್ಸಿಲರೇಟರ್ ಕೊಟ್ಟರೆ ಆರ್‌ಪಿಎಂ ಏರುತ್ತದೆ, ಗಾಡಿ ಏರುವುದಿಲ್ಲ. ಸಡಿಲ ಜಾಸ್ತಿ ಇದ್ದರೆ ಉಲ್ಟಾ: ಲಿವರ್ ಪೂರ್ತಿ ಹಿಡಿದಿದ್ದರೂ ಒಂದನೇ ಗೇರಿನಲ್ಲಿ ಗಾಡಿ ಮುಂದೆ ತೆವಳುತ್ತದೆ, ನಿಂತಲ್ಲಿ ನ್ಯೂಟ್ರಲ್ ಸಿಗುವುದಿಲ್ಲ. 'ಈ ಬೈಕಿಗೆ ನ್ಯೂಟ್ರಲ್ ಬೀಳೋದೇ ಕಷ್ಟ' ಅನ್ನುವ ದೂರಿನ ಹಿಂದೆ ಎಷ್ಟೋ ಸಲ ಇರುವುದು ಇಷ್ಟೇ. ಲಿವರ್ ಬುಡದಲ್ಲಿ ತಿರುಪು ಮತ್ತು ಲಾಕ್ ನಟ್ ಇದೆ, ಎರಡು ನಿಮಿಷದ ಕೆಲಸ, ಅಲ್ಲೇ ಮಾಡಿಸಿಕೊಳ್ಳಿ.

ಆಕ್ಸಿಲರೇಟರ್ ಹಿಡಿಕೆಯ ಅಂಚಿನಲ್ಲಿ 2ರಿಂದ 5 ಮಿ.ಮೀ. ಸಡಿಲ. ಜಾಸ್ತಿ ಇದ್ದರೆ ಕೈ ತಿರುಗಿಸಿದಾಗ ಮೊದಲು ಏನೂ ಆಗದೆ, ಆಮೇಲೆ ಒಮ್ಮೆಲೇ ಜಿಗಿಯುತ್ತದೆ. ಬಿಟ್ಟ ಕೂಡಲೇ ಹಿಡಿಕೆ ತಾನಾಗಿ ಟಪ್ ಅಂತ ಮರಳಬೇಕು.

ಚೈನು ಕೆಳಬದಿಯ ಮಧ್ಯದಲ್ಲಿ ಬೆರಳಿನಿಂದ ಮೇಲೆ ಕೆಳಗೆ ಆಡಿಸಿದರೆ ಸುಮಾರು 25ರಿಂದ 35 ಮಿ.ಮೀ. ಆಡಬೇಕು. ಆಯಾ ಗಾಡಿಯ ಅಳತೆ ಸಾಮಾನ್ಯವಾಗಿ ಸ್ವಿಂಗ್ ಆರ್ಮ್ (ಹಿಂಚಕ್ರ ಹಿಡಿದಿರುವ ತೋಳು) ಮೇಲಿನ ಚೀಟಿಯಲ್ಲಿ ಅಚ್ಚಾಗಿರುತ್ತದೆ, ಅದೇ ಅಂತಿಮ. ಎಂಜಿನ್ ಆಫ್ ಇರುವಾಗ ಮಾತ್ರ ಮುಟ್ಟಿ. 50 ಮಿ.ಮೀ. ಜೋತಾಡುವ ಚೈನಿನಲ್ಲಿ ಆಕ್ಸಿಲರೇಟರ್ ಬಿಟ್ಟಾಗಲೊಮ್ಮೆ, ಕೊಟ್ಟಾಗಲೊಮ್ಮೆ ಧಡ್ ಧಡ್ ಅನ್ನುತ್ತದೆ. ತೀರ ಬಿಗಿಯಾಗಿದ್ದರೂ ಕೆಟ್ಟದ್ದೇ, ಇಬ್ಬರು ಕೂತಾಗ ಬೇರಿಂಗ್ ಎಳೆಯುತ್ತದೆ.

ಇಷ್ಟೆಲ್ಲ ಸರಿಯಿದ್ದೂ ಎರಡನೇ ಗೇರಿನಲ್ಲಿ 15-20 ಕಿ.ಮೀ. ವೇಗಕ್ಕೆ ಆಕ್ಸಿಲರೇಟರ್ ಬಿಟ್ಟು ಕೊಟ್ಟು ಮಾಡುವಾಗ ಜಗ್ಗಿದರೆ ಅದು ಇಂಜೆಕ್ಷನ್ನಿನ ಗುಣ. ಆಕ್ಸಿಲರೇಟರ್ ಪೂರ್ತಿ ಬಿಟ್ಟಾಗ ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಪೆಟ್ರೋಲ್ ನಿಲ್ಲಿಸುತ್ತದೆ, ಮತ್ತೆ ಕೊಟ್ಟಾಗ ಶುರು ಮಾಡುತ್ತದೆ. ಆ ಎರಡರ ನಡುವಿನ ಹೊಲಿಗೆ ಕೆಲವು ಗಾಡಿಗಳಲ್ಲಿ ಕಾಣಿಸುವುದೇ ಇಲ್ಲ, ಕೆಲವದರಲ್ಲಿ ಪ್ರತಿ ಸಲ ತಲೆ ಆಡಿಸುತ್ತದೆ. ಹೊಸಬರಿಗೆ ಯಾವುದು ಬೇಕು ಅಂತ ಹೇಳಬೇಕಾಗಿಲ್ಲ. ಟೆಸ್ಟ್ ರೈಡ್‌ನಲ್ಲಿ ಇದೊಂದನ್ನೇ ಎರಡು ನಿಮಿಷ ಮಾಡಿ ನೋಡಿ: ಎರಡನೇ ಗೇರು, 20 ಕಿ.ಮೀ., ಬಿಡು, ಕೊಡು, ಬಿಡು, ಕೊಡು.

#7 ನಿಧಾನಿ

ಮೇಲಿನದು ಚಿನ್ನದಂಥ ಪೋಸ್ಟ್. ಅದಕ್ಕೆ ನನ್ನ ಕಡೆಯಿಂದ ಒಂದು ಓಡಾಟದ ಕ್ರಮ.

ಖಾಲಿ ಜಾಗ ಇದ್ದರೆ ಒಂದನೇ ಗೇರಿನಲ್ಲಿ, ಹಾಫ್ ಕ್ಲಚ್ಚಿನಲ್ಲಿ, ಹಿಂಬ್ರೇಕ್ ಸ್ವಲ್ಪವೇ ಒತ್ತಿ ಹಿಡಿದು, ನಡೆಯುವವರ ವೇಗಕ್ಕೆ 15 ಮೀಟರ್ ನೇರ ಹೋಗಿ. ಕಾಲು ಇಳಿಸಬಾರದು. ಮುಂಬ್ರೇಕ್ ಮುಟ್ಟಬಾರದು. ಕ್ಲಚ್ ಲಿವರ್ ಬಿಡುತ್ತ ಹೋದರೆ ಎಲ್ಲಿ ಹಿಡಿಯಲು ಶುರು ಮಾಡುತ್ತದೆ, ಎಲ್ಲಿ ಪೂರ್ತಿ ಹಿಡಿಯುತ್ತದೆ, ಈ ಎರಡರ ನಡುವೆ ಬೆರಳಿಗೆ ಎಷ್ಟು ಜಾಗವಿದೆ? ಜಾಗ ಜಾಸ್ತಿ ಇದ್ದಷ್ಟೂ ಕಲಿಯುವವರಿಗೆ ಆರಾಮ. ಅದು ಲಿವರಿನ ಕೊನೆಯ ತುದಿಯಲ್ಲಿ, ಬೆರಳು ಪೂರ್ತಿ ಚಾಚಿದಲ್ಲಿ ಇದ್ದರೆ ಸಣ್ಣ ಕೈಯವರಿಗೆ ಹಿಡಿತ ಇರುವುದಿಲ್ಲ.

ಆಮೇಲೆ ಯೂ ಟರ್ನ್. 6-7 ಮೀಟರ್ ಅಗಲದಲ್ಲಿ, ಎರಡೂ ದಿಕ್ಕಿಗೆ. ಬಲಕ್ಕೆ ತಿರುಗುವಾಗ ಆಕ್ಸಿಲರೇಟರ್ ಕೈ ಮೈಗೆ ಹತ್ತಿರ ಬಂದು ಮಣಿಕಟ್ಟು ಮಡಚುತ್ತದೆ, ಅಲ್ಲೇ ಅಪ್ಪಿತಪ್ಪಿ ಆಕ್ಸಿಲರೇಟರ್ ಕೊಟ್ಟುಬಿಡುವುದು. ಎಡಕ್ಕೆ ತಿರುಗುವಾಗ ಬಲಗೈ ದೂರ ಹೋಗುತ್ತದೆ, ತೋಳು ಗಿಡ್ಡ ಇದ್ದವರು ಆಕ್ಸಿಲರೇಟರ್ ಬಿಟ್ಟುಬಿಡುತ್ತಾರೆ, ಎಂಜಿನ್ ಆಫ್, ಗಾಡಿ ನೆಲಕ್ಕೆ. ಅಗಲ ಹ್ಯಾಂಡಲ್ ಸ್ಟೈಲಿಗೆ ಚೆಂದ, ಆದರೆ ಅದರ ತುದಿ ಕೈಗೆ ಸಿಗಬೇಕು.

ಇನ್ನು ಏರು. ನಿಂತು, ಹಿಂಬ್ರೇಕ್ ಒತ್ತಿ, ಕ್ಲಚ್ ನಿಧಾನವಾಗಿ ಬಿಟ್ಟು, ಗಾಡಿಯ ಹಿಂಬದಿ ಕುಗ್ಗಿದ್ದು ಗೊತ್ತಾದ ಮೇಲೆ ಬ್ರೇಕ್ ಬಿಡುವುದು. ಹಂಟರ್ ಇಲ್ಲಿ ಆಕ್ಸಿಲರೇಟರ್ ಅಷ್ಟಾಗಿ ಕೇಳುವುದಿಲ್ಲ. ಎಂಟಿ-15ಕ್ಕೆ 3,000ದ ಮೇಲೆ ಇಟ್ಟುಕೊಂಡು ಹೊರಡಬೇಕು, ಇಲ್ಲದಿದ್ದರೆ ಆಫ್.

#8 ಆರನೇಗೇರು

ಇದೇ ಕಾರಣಕ್ಕೆ ಎಂಟಿ-15ರಂಥ 155 ಸಿಸಿ ಬೇಡ, 350 ತಗೊಳ್ಳಿ ಅಂತ ಹೊಸಬರಿಗೆ ಹೇಳುವವರನ್ನು ನಾನು ಒಪ್ಪುವುದಿಲ್ಲ. ಹಂಟರ್ ಎಂಜಿನ್ನಿನ ಬೋರ್ (ಸಿಲಿಂಡರಿನ ಅಗಲ) 72 ಮಿ.ಮೀ., ಸ್ಟ್ರೋಕ್ (ಪಿಸ್ಟನ್ ಓಡುವ ಉದ್ದ) 85.8. ಉದ್ದ ಸ್ಟ್ರೋಕು, ಎರಡೇ ವಾಲ್ವು, ಕೆಳಗಿನ ಆರ್‌ಪಿಎಂನಲ್ಲೇ ಎಳೆಯುವಂತೆ ಮಾಡಿದ್ದು. ಎಂಟಿ-15ರದ್ದು 58ಕ್ಕೆ 58.7, ನಾಲ್ಕು ವಾಲ್ವು, ಲಿಕ್ವಿಡ್ ಕೂಲಿಂಗ್, 7,400 ಆರ್‌ಪಿಎಂ ಹತ್ತಿರ ವಾಲ್ವಿನ ಕ್ಯಾಮ್ ಬದಲಾಗುತ್ತದೆ. ಕೆಳಗೆ ಎಂಜಿನ್ ಬಡವ ಅನ್ನುವುದೇ ಹೊಸಬರಿಗೆ ಅನುಕೂಲ. ಆಕಸ್ಮಾತ್ ಕೈ ತಿರುಗಿದರೂ ಗಾಡಿ ಹಾರುವುದಿಲ್ಲ. ಆಫ್ ಆಗುವುದು ಮುಜುಗರ ಅಷ್ಟೇ.

ಪರೀಕ್ಷೆ ಇದು: ಮೂರನೇ ಗೇರಿನಲ್ಲಿ 20 ಕಿ.ಮೀ.ಗೆ ಇಳಿಸಿ, ಕ್ಲಚ್ ಮುಟ್ಟದೆ ಆಕ್ಸಿಲರೇಟರ್ ಅರ್ಧ ಕೊಡಿ. ಎಂಜಿನ್ ಕಟಕಟ ಅಂತ ನಡುಗಿದರೆ ಆ ಗೇರು ಆ ವೇಗಕ್ಕಲ್ಲ, ಎರಡಕ್ಕೆ ಇಳಿಸಿ ಮತ್ತೆ ಮಾಡಿ. ನಿಮ್ಮ ದಿನದ ಓಡಾಟ ಎಂಥದ್ದೋ ಅದರಲ್ಲಿ ಎಷ್ಟು ಸಲ ಗೇರ್ ಬದಲಿಸಬೇಕಾಗುತ್ತದೆ ಅಂತ ಗೊತ್ತಾಗುತ್ತದೆ. ಸಿಸಿ ನೋಡಿ ತೀರ್ಪು ಕೊಡಬೇಡಿ.

#9 ಗ್ರೀಸ್‌ಕೈ

ಆಫ್ ಆಗುವುದು ಮುಜುಗರ ಅಷ್ಟೇ ಅಂದದ್ದು ನೇರ ರಸ್ತೆಗೆ ಸರಿ. ತಿರುವಿನಲ್ಲಿ ವಾಲಿದ ಗಾಡಿಯ ಎಂಜಿನ್ ಆಫ್ ಆದರೆ ಎತ್ತಿ ನಿಲ್ಲಿಸುವ ಎಳೆತವೇ ಹೋಗುತ್ತದೆ, ಅದು ಬೀಳುವುದೇ. ಉಳಿದದ್ದಕ್ಕೆ ಒಪ್ಪಿಗೆ.

ಆಫ್ ಆದ ಮೇಲೆ ಸ್ಟಾರ್ಟ್ ಆಗಲಿಲ್ಲ ಅಂತ ಗಾಬರಿಯಾಗುವವರಿಗೆ: ಕಿಲ್ ಸ್ವಿಚ್ ನೋಡಿ, ಸೈಡ್ ಸ್ಟ್ಯಾಂಡ್ ಮೇಲಕ್ಕೆ ಮಡಚಿದೆಯೇ ನೋಡಿ, ಕ್ಲಚ್ ಪೂರ್ತಿ ಹಿಡಿಯಿರಿ. ಈಗಿನ ಹೆಚ್ಚಿನ ಗಾಡಿಗಳಲ್ಲಿ ಸ್ಟ್ಯಾಂಡ್ ಇಳಿದಿದ್ದಾಗ ಗೇರ್ ಹಾಕಿದರೆ ಎಂಜಿನ್ ತಾನೇ ನಿಲ್ಲುತ್ತದೆ. ಟೆಸ್ಟ್ ರೈಡ್‌ನಲ್ಲಿ 'ಗಾಡಿ ಕೆಟ್ಟುಹೋಯ್ತು' ಅನ್ನುವ ಫೋನ್ ಕರೆಗಳಲ್ಲಿ ಈ ಮೂರರದ್ದೇ ದೊಡ್ಡ ಪಾಲು.

#10 ಡಿಸ್ಕ್‌ಪ್ಯಾಡ್

ಬ್ರೇಕಿನ ಬಗ್ಗೆ ಯಾರೂ ಬರೆದಿಲ್ಲ. ಕೀ ಹಾಕಿದಾಗ ಎಬಿಎಸ್ (ಜೋರು ಬ್ರೇಕಿಗೆ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ದೀಪ ಉರಿಯಬೇಕು, ಹೊರಟು ಸ್ವಲ್ಪ ವೇಗ ಬಂದ ಮೇಲೆ ಆರಬೇಕು. ಉರಿಯಲೇ ಇಲ್ಲ ಅಥವಾ ಆರಲೇ ಇಲ್ಲ ಅಂದರೆ ಅದು ಕೆಲಸ ಮಾಡುತ್ತಿಲ್ಲ.

ಹಿಂದೆ ಯಾರೂ ಬರುತ್ತಿಲ್ಲ ಅಂತ ಕನ್ನಡಿಯಲ್ಲಿ ನೋಡಿಕೊಂಡು, ನೇರ ಒಣ ರಸ್ತೆಯಲ್ಲಿ 30ರಿಂದ ನಿಲ್ಲಿಸಿ. ಮೊದಲು ಮೆತ್ತಗೆ, ಎರಡನೇ ಸಲ ಗಟ್ಟಿಯಾಗಿ, ಎರಡೂ ಬ್ರೇಕು ಒಟ್ಟಿಗೆ. ಮುಂಬ್ರೇಕನ್ನು ಚಿವುಟಿದ ಹಾಗೆ ಹಿಡಿಯಬಾರದು, ಹಿಂಡುತ್ತ ಹೋಗಬೇಕು. ಮಧ್ಯಮ ಬಲದಲ್ಲಿ ಒತ್ತಿದರೆ ಒಣ ರಸ್ತೆಯಲ್ಲಿ 30ರಿಂದ ನಿಲ್ಲಲು 7 ಮೀಟರ್ ಸಾಕು. 60ರಿಂದ ಅದೇ ಬಲಕ್ಕೆ 28 ಮೀಟರ್ ಬೇಕು. ವೇಗ ಎರಡು ಪಟ್ಟು, ದೂರ ನಾಲ್ಕು ಪಟ್ಟು. 60ರಿಂದ ಪರೀಕ್ಷೆ ಮಾಡುವ ಶೋಕಿ ಯಾಕೆ ಬೇಡ ಅನ್ನುವುದಕ್ಕೆ ಇಷ್ಟು ಲೆಕ್ಕ ಸಾಕು.

ನೋಡಬೇಕಾದ್ದು: ಗಾಡಿ ಒಂದು ಕಡೆಗೆ ಎಳೆಯುತ್ತದೆಯೇ, ಲಿವರ್ ಸ್ಪಂಜಿನ ಹಾಗೆ ಹಿಡಿಕೆಯವರೆಗೆ ಬರುತ್ತದೆಯೇ, ಎರಡು ಬೆರಳಿಗೆ ಸಾಕಾಗುತ್ತದೆಯೇ. ಹಿಂಬ್ರೇಕ್ ಒಂದನ್ನೇ ಜೋರಾಗಿ ಒತ್ತಿ ಎಬಿಎಸ್ ಕಾಲಿಗೆ ಟಕಟಕ ಅಂತ ಬಡಿಯುವುದನ್ನು ಒಮ್ಮೆ ಅನುಭವಿಸಿ, ಮೊದಲೇ ಗೊತ್ತಿದ್ದರೆ ಮುಂದೆ ಗಾಬರಿಯಾಗಿ ಬ್ರೇಕ್ ಬಿಡುವುದಿಲ್ಲ. ಎಬಿಎಸ್ ಮುಂದಿನ ಚಕ್ರಕ್ಕೆ ಮಾತ್ರ ಇರುವ ಗಾಡಿಯಾದರೆ ಹಿಂಚಕ್ರ ಲಾಕ್ ಆಗಿ ಜಾರುತ್ತದೆ, ಅದರಲ್ಲಿ ಈ ಪ್ರಯೋಗ ಬೇಡ.

ಹೊಸ ಟೈರಿನ ಮೇಲ್ಮೈ ನುಣುಪಾಗಿರುತ್ತದೆ. ಓಡೋಮೀಟರ್ ನೂರು ಕಿ.ಮೀ. ಒಳಗಿದ್ದರೆ ವಾಲಿಸುವುದು, ಜೋರು ಬ್ರೇಕ್ ಎರಡೂ ಬೇಡ. ಹೊಸ ಪ್ಯಾಡು ಡಿಸ್ಕಿಗೆ ಇನ್ನೂ ಹೊಂದಿಕೊಂಡಿರುವುದಿಲ್ಲವಾದ್ದರಿಂದ ಬ್ರೇಕ್ ಮಂದ ಅನ್ನಿಸುತ್ತದೆ, ಅದನ್ನೇ ಗಾಡಿಯ ಗುಣ ಅಂತ ತೀರ್ಮಾನಿಸಬೇಡಿ.

#11 ತಿರುವುಮುರುವು

ಈಗ ಸ್ಟೈಲಿನ ವಿಷಯಕ್ಕೆ ಬರೋಣ, ಈ ಚರ್ಚೆಯ ಹೆಸರಲ್ಲೇ ಇದೆಯಲ್ಲ. ನೋಟಕ್ಕಾಗಿ ಮಾಡಿದ ಪ್ರತಿಯೊಂದಕ್ಕೂ ಓಡಿಸುವಾಗ ಬೆಲೆ ತೆರಬೇಕು. ಕೆಲವದರ ಬೆಲೆ ಸಣ್ಣದು, ಕೆಲವದರದ್ದು ದಿನವೂ ಕಾಡುವಂಥದ್ದು.

ಹ್ಯಾಂಡಲ್ ತುದಿಯ ಕನ್ನಡಿ: ಹಿಂದಿನದು ಮೊಣಕೈ ಅಡ್ಡ ಬರದೆ ಚೆನ್ನಾಗಿ ಕಾಣುತ್ತದೆ, ಆದರೆ ಗಾಡಿಯ ಅಗಲ ಹೆಚ್ಚುತ್ತದೆ, ಕಾರಿನ ಕನ್ನಡಿಯ ಎತ್ತರಕ್ಕೇ ಬರುತ್ತದೆ. ಸಂದಿಯಲ್ಲಿ ತೂರುವಾಗ ಮೊದಲು ತಾಗುವುದು ಅದೇ. ಕೈಗೆ ಹತ್ತಿರದ ಹ್ಯಾಂಡಲ್ ತುದಿಯಲ್ಲಿ ನಡುಕವೂ ಜಾಸ್ತಿ, ಒಂದೇ ವೇಗ ಹಿಡಿದು ಹಿಂದಿನ ವಾಹನದ ಹೆಡ್‌ಲೈಟ್ ಒಂದಾಗಿ ಕಾಣುತ್ತದೋ ಮಸುಕಾಗುತ್ತದೋ ನೋಡಿ.

ಅಗಲ ಹಿಂಟೈರು: ಎಂಟಿ-15ರಲ್ಲೂ ಹಂಟರ್‌ನ ಅಗಲ ಟೈರಿನ ಆವೃತ್ತಿಗಳಲ್ಲೂ ಹಿಂದೆ 140/70-17. ನೋಟ ಬಂದದ್ದೇ ಅಲ್ಲಿಂದ. ಟೈರು ಅಗಲವಾದಷ್ಟೂ ಅದೇ ತಿರುವಿಗೆ ಗಾಡಿಯನ್ನು ಸ್ವಲ್ಪ ಹೆಚ್ಚು ವಾಲಿಸಬೇಕು. ಗಾಳಿ ಕಡಿಮೆಯಿದ್ದರೆ ಇನ್ನೂ ಭಾರ. ಟೆಸ್ಟ್ ಗಾಡಿಯ ಟೈರಿಗೆ ಗಾಳಿ ಹಿಡಿಸಿ ತಿಂಗಳಾಗಿರುತ್ತದೆ, ಹೊರಡುವ ಮುಂಚೆ ಗೇಜ್ ಹಿಡಿದು ನೋಡಿಸಿ. ಎಷ್ಟಿರಬೇಕು ಅನ್ನುವುದೂ ಸಾಮಾನ್ಯವಾಗಿ ಗಾಡಿಯ ಮೇಲಿನ ಚೀಟಿಯಲ್ಲಿರುತ್ತದೆ.

12 ಇಂಚಿನ ಪುಟ್ಟ ಚಕ್ರದ ಹೋಂಡಾ ಮಂಕಿ, ಗ್ರೋಮ್ ಥರದವು ಬೇರೆ ಲೋಕ. ಯೂ ಟರ್ನ್ ಬೆರಳಲ್ಲಿ ಆಗುತ್ತದೆ. 17 ಇಂಚು ದಾಟಿಹೋಗುವ ಗುಂಡಿಗೆ 12 ಇಂಚು ಇಳಿದು ಏಳುತ್ತದೆ. ಕೆಟ್ಟ ರಸ್ತೆಯ ತುಂಡೊಂದು ಟೆಸ್ಟ್ ರೈಡ್‌ನಲ್ಲಿ ಇರಲೇಬೇಕು.

ಸ್ಕ್ರಾಂಬ್ಲರಿನ ಎತ್ತರದ ಸೈಲೆನ್ಸರ್ ಬಲ ಮೀನಖಂಡಕ್ಕೆ ಹತ್ತಿರ. ಓಡುವಾಗ ಗೊತ್ತಾಗುವುದಿಲ್ಲ, ನಿಂತಾಗ ಕಾಲು ಎಲ್ಲಿ ಇಡುತ್ತೀರಿ ಅಂತ ನೋಡಿ. ಕಡ್ಡಿ ಚಕ್ರ ಚೆಂದ, ಹೆಚ್ಚಿನವಕ್ಕೆ ಟ್ಯೂಬು ಬೇಕು, ಪಂಕ್ಚರ್ ಆದರೆ ಹೊರಗಿನಿಂದ ದಾರ ತುರುಕಿ ಮುಚ್ಚಲಾಗದು, ಚಕ್ರ ಬಿಚ್ಚಬೇಕು. ಗಿಡ್ಡ ಹಿಂಭಾಗದ ಗಾಡಿ ಮಳೆಯಲ್ಲಿ ಬೆನ್ನಿಗೆ ಕೆಸರಿನ ಗೆರೆ ಎಳೆಯುತ್ತದೆ. ದುಂಡು ಡಿಜಿಟಲ್ ಮೀಟರನ್ನು ನೆತ್ತಿ ಬಿಸಿಲಿನಲ್ಲಿ ಓದಿ ನೋಡಿ.

#12 ಎರಡುಗಾಲಿ

ಕೆಫೆ ರೇಸರಿನ ತಗ್ಗು ಹ್ಯಾಂಡಲ್ ಬಗ್ಗೆ ಒಂದೇ ಮಾತು. ಮೈಭಾರ ಮಣಿಕಟ್ಟಿಗೆ ಬರುತ್ತದೆ ಅಂತ ಎಲ್ಲರೂ ಹೇಳುತ್ತಾರೆ, ಅದಕ್ಕಿಂತ ಹೊಸಬರಿಗೆ ಕಷ್ಟ ಅದರ ತಿರುಗುವ ಕೋನ ಕಡಿಮೆ ಅನ್ನುವುದು. ನಿಧಾನಿ ಹೇಳಿದ 6-7 ಮೀಟರ್ ಯೂ ಟರ್ನ್ ಅದರಲ್ಲಿ ಒಂದೇ ಸಲಕ್ಕೆ ಆಗದೇ ಹೋಗಬಹುದು. ಎರಡನೇ ಗಾಡಿಗೆ ಇಟ್ಟುಕೊಳ್ಳಿ.

#13 ಗ್ರೀಸ್‌ಕೈ

ವಾಪಸ್ ಬಂದು ಕೀ ತೆಗೆದು ಹೊರಡಬೇಡಿ. ಎರಡು ನಿಮಿಷ ಐಡ್ಲಿಂಗ್‌ನಲ್ಲಿ ಬಿಟ್ಟು ಪಕ್ಕದಲ್ಲಿ ನಿಲ್ಲಿ. ರೇಡಿಯೇಟರ್ ಇರುವ ಗಾಡಿಯಲ್ಲಿ ಫ್ಯಾನ್ ಬಿಸಿಗಾಳಿ ಯಾವ ಕಾಲಿಗೆ ಹೊಡೆಯುತ್ತದೆ, ಏರ್ ಕೂಲ್ಡ್ ಗಾಡಿಯಲ್ಲಿ ಮೊಣಕಾಲಿಗೆ ಎಷ್ಟು ಶಾಖ ಬರುತ್ತದೆ ನೋಡಿ. ಆಫ್ ಮಾಡಿ, ಎಂಜಿನ್ ಜೋಡಣೆಯ ಗೆರೆಗಳಲ್ಲಿ, ಫೋರ್ಕಿನ ಸೀಲಿನಲ್ಲಿ ಎಣ್ಣೆ ಜಿನುಗಿದೆಯೇ ಅಂತ ಕಣ್ಣಾಡಿಸಿ. ಡಿಸ್ಕಿನ ಹತ್ತಿರ ಅಂಗೈ ತನ್ನಿ, ಮುಟ್ಟಬೇಡಿ. ಅಷ್ಟಾಗಿ ಬಳಸದ ಬ್ರೇಕಿನ ಡಿಸ್ಕು ಸುಡುತ್ತಿದ್ದರೆ ಕ್ಯಾಲಿಪರ್ ಅಂಟಿಕೊಂಡು ಉಜ್ಜುತ್ತಿದೆ. ಜಗ್ಗಾಟಕ್ಕೂ, ಪಿಕಪ್ ಇಲ್ಲ ಅನ್ನುವುದಕ್ಕೂ ಅದೇ ಕಾರಣವಿರಬಹುದು.

ಸಾಧ್ಯವಾದರೆ ತಣ್ಣಗಿರುವ ಎಂಜಿನ್ ನೀವೇ ಸ್ಟಾರ್ಟ್ ಮಾಡಿ. ಹೋಗುವಷ್ಟರಲ್ಲಿ ಅವರೇ ಬಿಸಿ ಮಾಡಿಟ್ಟಿದ್ದರೆ ಬೆಳಗಿನ ಸ್ಟಾರ್ಟಿಂಗ್ ಹೇಗೆ ಅನ್ನುವುದು ಗೊತ್ತಾಗದೇ ಉಳಿಯುತ್ತದೆ.

#14 ಕ್ಲಚ್‌ಕೇಬಲ್

ನಡುಕದ ಬಗ್ಗೆ ಹುಷಾರು. ಹದಿನೈದು ನಿಮಿಷದ ರೈಡ್ ಅದನ್ನು ತೋರಿಸುವುದಿಲ್ಲ, ಬೆರಳು ಜೋಮು ಹಿಡಿಯುವುದು ಅರ್ಧ ಗಂಟೆ ದಾಟಿದ ಮೇಲೆ. ಹಂಟರ್ ಎಂಜಿನ್ನಿನಲ್ಲಿ ನಡುಕ ತಗ್ಗಿಸುವ ಬ್ಯಾಲೆನ್ಸರ್ ಶಾಫ್ಟ್ ಇದೆ, ಹಾಗಂತ ಸಿಂಗಲ್ ಸಿಲಿಂಡರ್ ಪೂರ್ತಿ ಶಾಂತವಾಗಿ ಬಿಡುವುದಿಲ್ಲ. ನೀವು ದಿನವೂ ಹೋಗುವ ವೇಗ ಯಾವುದೋ, ಅದೇ ವೇಗವನ್ನು ಒಂದು ನಿಮಿಷ ಬಿಡದೆ ಹಿಡಿದು ಹ್ಯಾಂಡಲ್, ಸೀಟು, ಫುಟ್‌ರೆಸ್ಟ್ ಎಲ್ಲಿ ಝುಂ ಅನ್ನುತ್ತದೆ ಅಂತ ಗಮನಿಸಿ. ಐದು ಕಿ.ಮೀ. ಮೇಲೆ ಕೆಳಗೆ ಮಾಡಿದರೆ ಹೋಗುತ್ತದೆಯೇ? ಹೋದರೆ ಸಹಿಸಬಹುದು.

ಇನ್ನೊಂದು, ಟೆಸ್ಟ್ ಗಾಡಿ ಮತ್ತು ನಿಮಗೆ ಕೊಡುವ ಗಾಡಿ ಒಂದೇ ಆವೃತ್ತಿಯೇ ಅಂತ ಕೇಳಿ. ಎಂಟಿ-15ರಲ್ಲಿ ಲಿವರ್ ಹಗುರ ಮಾಡುವ ಅಸಿಸ್ಟ್ ಮತ್ತು ಸ್ಲಿಪ್ಪರ್ ಕ್ಲಚ್ ಇದೆ, ಲಿವರ್ ಬೆಣ್ಣೆ. 2022ರಲ್ಲಿ ಬಂದ ಹಂಟರ್‌ಗೆ ಅದು ಇರಲಿಲ್ಲ, 2025ರ ಪರಿಷ್ಕರಣೆಯಲ್ಲಿ ಸೇರಿತು. ಹಳೆಯ ಡೆಮೊ ಓಡಿಸಿ 'ಕ್ಲಚ್ ಗಟ್ಟಿ' ಅಂತ ಬಿಟ್ಟರೆ ಅದು ಹೊಸ ಗಾಡಿಗೆ ಮಾಡಿದ ಅನ್ಯಾಯ. ಡೆಮೊ ಗಾಡಿಯ ಗೇರುಗಳು ಸಾವಿರಾರು ಕಿ.ಮೀ. ಓಡಿ ನಯವಾಗಿರುತ್ತವೆ, ಹೊಸದು ಮೊದಲ ಸರ್ವೀಸಿನವರೆಗೆ ಒರಟಾಗಿಯೇ ಇರುತ್ತದೆ ಅನ್ನುವುದೂ ಗೊತ್ತಿರಲಿ.

#15 ಹೊಸಗೇರು

ತುಂಬ ಉಪಯೋಗವಾಯಿತು. ಕೊನೆಯದಾಗಿ ಒಂದು: ಹಿಂದೆ ಒಬ್ಬರನ್ನು ಕೂರಿಸಿಕೊಂಡು ಹೋಗುವುದು ದಿನವೂ ಇದ್ದೇ ಇರುತ್ತದೆ. ಟೆಸ್ಟ್ ರೈಡ್‌ನಲ್ಲೇ ಕೂರಿಸಿಕೊಳ್ಳಲಾ?

#16 ನಿಧಾನಿ

ಇನ್ನೂ ಕಲಿಯುತ್ತಿದ್ದರೆ ನೀವು ಓಡಿಸಬೇಡಿ. ಓಡಿಸಲು ಬಲ್ಲವರನ್ನು ಕರೆದುಕೊಂಡು ಹೋಗಿ, ಅವರು ಓಡಿಸಲಿ, ದಿನವೂ ಹಿಂದೆ ಕೂರುವವರೇ ಕೂರಲಿ. ಎಂಟಿ-15ರ ಹಿಂದಿನ ಸೀಟು ಎತ್ತರ, ಚಿಕ್ಕದು, ಬ್ರೇಕ್ ಹಾಕಿದಾಗ ಸವಾರನ ಬೆನ್ನಿಗೆ ಜಾರುತ್ತಾರೆ. ಹಂಟರ್‌ನಲ್ಲಿ ಒಂದೇ ಸೀಟು, ಸವಾರನ ಸಮಕ್ಕೇ ಕೂರುತ್ತಾರೆ. ಹಿಂದೆ ಹಿಡಿದುಕೊಳ್ಳಲು ಹಿಡಿಕೆ ಎಲ್ಲಿದೆ, ಹತ್ತಿ ಇಳಿಯುವಾಗ ಕಾಲು ಸೈಲೆನ್ಸರಿಗೆ ತಾಗುತ್ತದೆಯೇ, ಉಬ್ಬಿನ ಮೇಲೆ ಹಿಂದಿನ ಸಸ್ಪೆನ್ಷನ್ ತಳ ಬಡಿಯುತ್ತದೆಯೇ, ಇಷ್ಟನ್ನು ಅವರೇ ನೋಡಲಿ. ತಳ ಬಡಿದರೆ, ಪ್ರೀಲೋಡ್ ಹೊಂದಿಕೆ ಇರುವ ಗಾಡಿಯಲ್ಲಿ ಅದನ್ನು ಎರಡು ಮೆಟ್ಟಿಲು ಏರಿಸಿ ಮತ್ತೊಮ್ಮೆ.

ಆಮೇಲೆ ಒಬ್ಬರೇ ಓಡಿಸುವ ನಿಮ್ಮ ಸರದಿ ಬಂದಾಗ ಆ ಮೆಟ್ಟಿಲನ್ನು ಮರಳಿ ಇಳಿಸಲು ಹೇಳಿ. ಇಳಿಸದಿದ್ದರೆ ತುದಿಗಾಲೂ ಸಿಗುವುದಿಲ್ಲ.